ಸಬ್ ಮೀಟರ್ ಹಿಡಿದು ಕಾರು ನೋಡಲು ಹೋದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಅಡಿಕೆ ತೋಟದ ಪಂಪುಗಳೇ ನನ್ನ ಅನ್ನ. ಸುಟ್ಟ ಮೋಟಾರನ್ನು ಮೇಲೆತ್ತಿ, ತಂದು, ತಂತಿ ಸುತ್ತಿ, ಮತ್ತೆ ಬಾವಿಗೆ ಇಳಿಸಿ ಬರುವಷ್ಟರಲ್ಲಿ ನನ್ನ ಹಳೆಯ ಓಮ್ನಿ ದಿನಕ್ಕೆ ನಲವತ್ತೈವತ್ತು ಕಿಲೋಮೀಟರು ಓಡುತ್ತಿತ್ತು. ಪೆಟ್ರೋಲು ಅಗ್ಗ ಎಂದು ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಟ್ಯಾಂಕು ತುಂಬಿಸಿಕೊಂಡು ಬರುವ ಊರು ನಮ್ಮದು. ಹಾಗಿದ್ದೂ ಕಿಲೋಮೀಟರಿಗೆ ಏಳು ರೂಪಾಯಿ ಬೀಳುತ್ತಿತ್ತು.

ಕರೆಂಟಿನ ಕಾರು ಕೊಳ್ಳುತ್ತೇನೆ, ಅದೂ ಸೆಕೆಂಡ್ ಹ್ಯಾಂಡ್ ಎಂದಾಗ ಹೆಂಡತಿಯ ಅಣ್ಣ ನಕ್ಕರು. "ಭಾವ, ಹಳೆಯ ಮೊಬೈಲನ್ನೇ ಯಾರೂ ಕೊಳ್ಳುವುದಿಲ್ಲ. ನೀವು ಹಳೆಯ ಬ್ಯಾಟರಿಗೆ ಎಂಟು ಲಕ್ಷ ಕೊಡುತ್ತೀರಾ?" ಎಂದು ಕೇಳಿದರು. ಮಾತಿನಲ್ಲಿ ಹುರುಳಿತ್ತು. ಮೋಟಾರಿನ ಹೆದರಿಕೆ ನನಗಿರಲಿಲ್ಲ. ಬೇರಿಂಗಿನ ಸದ್ದು ಕೇಳಿದರೆ ಅದರ ವಯಸ್ಸು ಹೇಳಬಲ್ಲೆ. ಬ್ಯಾಟರಿ ಸದ್ದು ಮಾಡುವುದಿಲ್ಲ. ಅದು ಹೇಗೆ ಬಾಳಿದೆ ಎಂಬುದು ಹಳೆಯ ಮಾಲೀಕನ ಅಭ್ಯಾಸದಲ್ಲಿ ಅಡಗಿರುತ್ತದೆ.

ಮೊದಲು ನೋಡಿದ್ದು ಕಾಸರಗೋಡು ಪೇಟೆಯ ಒಂದು ಕಾರು. ಯಾವ ಕಂಪನಿಯದು, ಯಾರದು ಎಂಬುದು ಬೇಡ. ಬೆಲೆ ತುಂಬ ಕಡಿಮೆ ಇತ್ತು, ಅದೇ ಮೊದಲ ಸಂಶಯ. ಚೆರ್ಕಳ ದಾಟಿ ಏರು ಹತ್ತುವಾಗ ಪರದೆಯ ಮೇಲೆ ಚಾರ್ಜ್ ಶೇ. 24 ಇತ್ತು. ಎರಡು ಕಿಲೋಮೀಟರು ಹೋಗುವಷ್ಟರಲ್ಲಿ ಶೇ. 9. "ಗುಡ್ಡ ಅಲ್ಲವೇ, ಎಳೆಯುತ್ತದೆ" ಎಂದರು ಮಾರುವವರು. ಗುಡ್ಡ ಅಷ್ಟು ಕುಡಿಯುವುದಿಲ್ಲ. ಪರದೆಯ ಅಂದಾಜು ತಪ್ಪಿರಬಹುದು, ಇಲ್ಲವೇ ಒಳಗೆ ಒಂದು ಸೆಲ್ಲು ಸೋತಿರಬಹುದು. ನೂರಾರು ವೋಲ್ಟಿನ ಬ್ಯಾಟರಿಯೆಂದರೆ ಸಾಲಾಗಿ ಪೋಣಿಸಿದ ಸೆಲ್ಲುಗಳು. ಒಂದು ಸೋತರೆ ಉಳಿದವು ಗಟ್ಟಿಯಿದ್ದರೂ ಗಾಡಿ ಅಲ್ಲಿಗೇ ನಿಲ್ಲಬೇಕು. ಒಂದು ಕಾಯಿಲ್ ಸುಟ್ಟರೆ ಮೋಟಾರೇ ನಿಲ್ಲುವ ಹಾಗೆ. ಎರಡರಲ್ಲಿ ಯಾವುದು ಎಂದು ರಸ್ತೆಯಲ್ಲಿ ನಿಂತು ಹೇಳಲು ಬರುವುದಿಲ್ಲ.

ಆರ್‌ಸಿ ಕೇಳಿ ನೋಡಿದಾಗ ಇನ್ನೊಂದು ಹೊರಬಿತ್ತು. ಅದು ಮೊದಲು ಟ್ಯಾಕ್ಸಿಯಾಗಿ ಓಡಿದ ಗಾಡಿ. ಕರೆಂಟಿನ ಗಾಡಿಗಳ ಫಲಕ ಎಲ್ಲವೂ ಹಸಿರೇ. ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಳದಿ ಅಕ್ಷರ. ಈಗ ಬಿಳಿ ಅಕ್ಷರವಿದೆ ಎಂದು ಸುಮ್ಮನಾದರೆ ಹಿಂದಿನದು ತಿಳಿಯುವುದಿಲ್ಲ. ಟ್ಯಾಕ್ಸಿ ಎಂದರೆ ದಿನಕ್ಕೆ ಎರಡು ಸಲ ಫಾಸ್ಟ್ ಚಾರ್ಜ್, ಬಿಸಿಲಿನಲ್ಲಿ ಬಿಸಿ ಆರುವ ಮೊದಲೇ ಮತ್ತೆ ಓಟ. ಕೈಮುಗಿದು ಬಂದೆ.

ಎರಡನೆಯದು ಗಡಿಯಾಚೆ, ಕರ್ನಾಟಕದ ಪುತ್ತೂರಿನಲ್ಲಿ ಸಿಕ್ಕಿತು. ನಿವೃತ್ತ ಮಾಸ್ಟ್ರು ಒಬ್ಬರ ಮನೆಯಲ್ಲಿದ್ದ ಟಾಟಾ ನೆಕ್ಸಾನ್ ಇವಿ, 2021ರ ಆಗಸ್ಟಿನಲ್ಲಿ ನೋಂದಣಿಯಾದದ್ದು, 38,400 ಕಿಲೋಮೀಟರು ಓಡಿತ್ತು. ಗ್ವಾಳಿಮುಖ, ಈಶ್ವರಮಂಗಲ ದಾರಿಯಾಗಿ ಹೋದರೆ ನಮ್ಮಿಂದ ನಲವತ್ತು ಕಿಲೋಮೀಟರಿನಷ್ಟು. ಕಂಪನಿ ಹೇಳುವ ಬ್ಯಾಟರಿ 30.2 ಕಿಲೋವ್ಯಾಟ್ ಅವರ್, ಅಂದರೆ ನಮ್ಮ ಮೀಟರಿನ ಭಾಷೆಯಲ್ಲಿ 30.2 ಯೂನಿಟ್. ಪ್ರಮಾಣಪತ್ರದಲ್ಲಿ ಒಂದು ಚಾರ್ಜಿಗೆ 312 ಕಿಲೋಮೀಟರು; ರಸ್ತೆಯಲ್ಲಿ ಇನ್ನೂರು ಬಂದರೆ ಸರಿಯಾಗಿದೆ ಎಂದೇ ಓಡಿಸುವವರೆಲ್ಲ ಹೇಳುತ್ತಾರೆ.

ಮಾಸ್ಟ್ರು ಹೆಮ್ಮೆಯಿಂದ ಹೇಳಿದರು: "ನಾನು ಎಂಬತ್ತರ ಮೇಲೆ ಚಾರ್ಜು ಮಾಡಿದವನೇ ಅಲ್ಲ. ಮೊಬೈಲಿನ ಹಾಗೆ, ತುಂಬಿಸಿದರೆ ಹಾಳಾಗುತ್ತದೆ." ಆಳು ಒಳ್ಳೆಯವರು, ಮಾತು ಮಾತ್ರ ಈ ಗಾಡಿಗೆ ಸರಿಹೊಂದುವುದಿಲ್ಲ. ಇದರಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು. ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ ಅದರ ವೋಲ್ಟೇಜು ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಎಷ್ಟು ತುಂಬಿದೆ ಎಂದು ಗಾಡಿಯ ಕಂಪ್ಯೂಟರಿಗೆ ಖಚಿತವಾಗಿ ತಿಳಿಯುವುದು ಪೂರ್ತಿ ತುಂಬಿದಾಗಲೇ. ಸೆಲ್ಲುಗಳು ಒಂದಕ್ಕೊಂದು ಸಮನಾಗುವುದೂ ಆ ಕೊನೆಯ ಹಂತದಲ್ಲೇ. ತಿಂಗಳುಗಟ್ಟಲೆ ನೂರು ಮುಟ್ಟಿಸದ ಗಾಡಿಯ ಪರದೆಯನ್ನು ನಂಬಿ ಬೆಲೆ ಕಟ್ಟಿದರೆ ಮಾರುವವರಿಗೂ ಅನ್ಯಾಯ, ಕೊಳ್ಳುವವನಿಗೂ ಅನ್ಯಾಯ. ಎರಡು ಸಲ ನಿಧಾನ ಚಾರ್ಜರಿನಲ್ಲಿ ನೂರರ ತನಕ ತುಂಬಿಸಿಡಿ, ಮುಂದಿನ ವಾರ ಬರುತ್ತೇನೆ ಎಂದೆ.

ಮುಂದಿನ ವಾರ ಹೋಗುವಾಗ ಪ್ಲೈವುಡ್ ಹಲಗೆಗೆ ಎಷ್ಟು ಯೂನಿಟ್ ಹೋಯಿತೆಂದು ತೋರಿಸುವ ಸಬ್ ಮೀಟರ್, ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಎಂಸಿಬಿ, ಹದಿನಾರು ಆಂಪಿಯರ್ ಸಾಕೆಟು ಕೂರಿಸಿ ಕೊಂಡುಹೋದೆ. ಮಾಸ್ಟ್ರು ನೋಡಿ, "ಮಾರಾಯರೇ, ನೀವು ಕಾರು ನೋಡಲು ಬಂದದ್ದೋ, ಕರೆಂಟು ಕಡಿಯಲು ಬಂದದ್ದೋ?" ಎಂದರು. ಹಗಲಿಡೀ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದೆ. ಏರು, ಇಳಿಜಾರು, ಎಸಿ ಹಾಕಿ, ಹಾಕದೆ. ಶೇ. 20ಕ್ಕೆ ಬಂದಾಗ ಮನೆಗೆ ತಂದು ನಿಲ್ಲಿಸಿ, ನನ್ನ ಹಲಗೆಯ ಮೂಲಕ ಚಾರ್ಜಿಗೆ ಇಟ್ಟೆ. ಮೀಟರಿನ ಅಂಕಿಯ ಫೋಟೋ ತೆಗೆದುಕೊಂಡು ಬಸ್ಸು ಹಿಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಹೋದಾಗ ನೂರು ತುಂಬಿತ್ತು. ಮೀಟರು ತೋರಿಸಿದ್ದು 25.4 ಯೂನಿಟ್. ಗೋಡೆಯಿಂದ ಎಳೆದದ್ದೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ಚಾರ್ಜರಿನ ಬಿಸಿಗೆ, ಒಳಗಿನ ಪಂಪಿಗೆ ನೂರರಲ್ಲಿ ಹನ್ನೆರಡು ಹೋಯಿತು ಎಂದು ಹಿಡಿದೆ. ಉಳಿದದ್ದು 22.35. ಅದು ಎಂಬತ್ತು ಪಾಲು ತುಂಬಿದ್ದಾದರೆ ನೂರು ಪಾಲಿಗೆ 27.9. ಹೊಸದರಲ್ಲಿ 30.2 ಇದ್ದದ್ದು ಈಗ ಶೇ. 92ರ ಆಸುಪಾಸಿನಲ್ಲಿದೆ ಎಂದಾಯಿತು. ಇದು ಪ್ರಯೋಗಾಲಯದ ಲೆಕ್ಕವಲ್ಲ. ಹನ್ನೆರಡು ಎಂದು ಹಿಡಿದದ್ದು ಹತ್ತಾಗಿದ್ದರೂ ಉತ್ತರ ಬದಲಾಗುತ್ತದೆ. ಆದರೆ ಎಪ್ಪತ್ತೋ ತೊಂಬತ್ತೋ ಎಂಬುದು ತಿಳಿಯಲು ಇಷ್ಟು ಸಾಕು. ಸರ್ವಿಸ್ ಸೆಂಟರಿನಲ್ಲಿ ಮಾಸ್ಟ್ರ ಹೆಸರಿನಲ್ಲೇ ಬ್ಯಾಟರಿ ತಪಾಸಣೆ ಮಾಡಿಸಿ ಬರಹದಲ್ಲಿ ತೆಗೆದುಕೊಂಡೆ. ಅದರಲ್ಲಿ ನಾನು ಮುಖ್ಯವಾಗಿ ನೋಡಿದ್ದು ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟಿನ ಸೆಲ್ಲುಗಳ ನಡುವಿನ ಅಂತರ. ಕೆಲವೇ ಮಿಲಿವೋಲ್ಟ್ ಇತ್ತು. ಯಾವ ಸೆಲ್ಲೂ ಹಿಂದೆ ಬಿದ್ದಿರಲಿಲ್ಲ.

ಅಲ್ಲೇ ಗಾಡಿಯನ್ನು ಮೇಲೆತ್ತಿಸಿದೆ. ಬ್ಯಾಟರಿ ಇರುವುದು ಹೊಟ್ಟೆಯ ಕೆಳಗೆ. ನಮ್ಮ ಕಡೆ ತೋಟದ ರಸ್ತೆಯೆಂದರೆ ನಡುವೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ದಿಂಡು. ಒಂದು ಸಲ ಸರಿಯಾಗಿ ತಾಗಿದರೆ ಬ್ಯಾಟರಿಯ ಪೆಟ್ಟಿಗೆ ಒಳಕ್ಕೆ ತಗ್ಗುತ್ತದೆ. ಹೊರಗಿನಿಂದ ಪೆಟ್ಟು ಬಿದ್ದ ಬ್ಯಾಟರಿಗೆ ಖಾತರಿ ಕೇಳಲು ಹೋದರೆ ವಾದ ಶುರುವಾಗುತ್ತದೆ. ಗೀರುಗಳಿದ್ದವು, ತಗ್ಗು ಇರಲಿಲ್ಲ. ಕಿತ್ತಳೆ ಬಣ್ಣದ ದಪ್ಪ ಕೇಬಲುಗಳನ್ನು ಟಾರ್ಚು ಹಿಡಿದು ಉದ್ದಕ್ಕೂ ನೋಡಿದೆ. ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಗೆ ಇಲಿಗಿಂತ ದೊಡ್ಡ ಶತ್ರು ಇಲ್ಲ. ಹಿಂದಿನ ಬ್ರೇಕಿನಲ್ಲಿ ತುಕ್ಕು ಕಂಡಿತು. ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡುವುದರಿಂದ ಬ್ರೇಕಿಗೆ ಕೆಲಸ ಕಡಿಮೆ, ನಮ್ಮ ಮಳೆಗಾಲದ ತೇವಕ್ಕೆ ಕೆಲಸ ಹೆಚ್ಚು. ಟಯರು ನಾಲ್ಕೂ ಮುಗಿದಿದ್ದವು. ಭಾರದ ಗಾಡಿ, ಒಮ್ಮೆಗೇ ಎಳೆಯುವ ಮೋಟಾರು, ಟಯರು ತಿನ್ನುತ್ತದೆ. ಬೇಗ ಮರೆತುಹೋಗುವ ಇನ್ನೊಂದು ಸಂಗತಿಯೆಂದರೆ ಫಾಸ್ಟ್ ಚಾರ್ಜಿನ ಕಿಂಡಿ. ಮನೆಯಲ್ಲೇ ಚಾರ್ಜು ಮಾಡಿದವರಿಗೆ ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದೇ ಗೊತ್ತಿರುವುದಿಲ್ಲ. ಪೇಟೆಯ ಒಂದು ಚಾರ್ಜರಿಗೆ ಒಯ್ದು ಹತ್ತು ನಿಮಿಷ ಹಾಕಿ ನೋಡಿದೆ.

ಇಷ್ಟೆಲ್ಲ ನೋಡಿದ ಮೇಲೂ ಬ್ಯಾಟರಿ ನಾಳೆ ಕೈಕೊಡುವುದಿಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ, ಖಾತರಿಪತ್ರ ಒಂದನ್ನು ಬಿಟ್ಟು. ಅದು ಎಂಟು ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ಮಾಲೀಕ ಬದಲಾದರೂ ಮುಂದುವರಿಯುತ್ತದೆಯೇ ಎಂದು ಬರಹದಲ್ಲಿ ಕೇಳಿ, ಹೌದು ಎಂಬ ಉತ್ತರ ಕೈಗೆ ಬಂದ ಮೇಲೆಯೇ ಮುಂದಿನ ಮಾತು. ನನ್ನ ಓಟಕ್ಕೆ ಕಿಲೋಮೀಟರು ಮುಗಿಯುವುದಿಲ್ಲ, ದಿನಾಂಕ ಮುಗಿಯುತ್ತದೆ: 2029ರ ಆಗಸ್ಟ್.

ನಾನು ಕೂತು ಲೆಕ್ಕ ಹಾಕಿದ್ದು ಹೀಗೆ. 2029ರ ಸೆಪ್ಟೆಂಬರಿನಲ್ಲಿ ಬ್ಯಾಟರಿ ಸತ್ತಿತು, ಗಾಡಿಗೆ ಗುಜರಿಯವನೂ ಬರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಬೆಲೆ, ತೆರಿಗೆ, ಟಯರು, ಮನೆಯ ವೈರಿಂಗು ಎಲ್ಲ ಸೇರಿ ಎಂಟು ಲಕ್ಷದ ಎಪ್ಪತ್ತು ಸಾವಿರ. ತಿಂಗಳಿಗೆ 1,200 ಕಿಲೋಮೀಟರು. ಓಮ್ನಿಗೆ ಕಿಲೋಮೀಟರಿಗೆ ಏಳು, ಇದಕ್ಕೆ ಒಂದೂಮುಕ್ಕಾಲು ರೂಪಾಯಿಯ ಹತ್ತಿರ ಎಂದು ಮೊದಲು ಹಿಡಿದಿದ್ದೆ, ಮತ್ತೆ ಒಂದೂಕಾಲಿಗೆ ಇಳಿಸಿದೆ. ಖಾತರಿ ಮುಗಿಯುವ ತನಕದ 51 ತಿಂಗಳಲ್ಲಿ ಉಳಿಯುವುದು ಮೂರೂವರೆ ಲಕ್ಷ. ಕೈಬಿಡುವುದು ಐದು ಲಕ್ಷ ಚಿಲ್ಲರೆ, ತಿಂಗಳಿಗೆ ಹತ್ತು ಸಾವಿರ. ಅತಿ ಕೆಟ್ಟ ದಿನಕ್ಕೂ ಅಷ್ಟೇ ನಷ್ಟವೆಂದಾದರೆ ನಾನು ತಾಳಿಕೊಳ್ಳಬಲ್ಲೆ. ಖಾತರಿ ಒಂದೇ ವರ್ಷ ಉಳಿದಿರುವ ಗಾಡಿ ಅರ್ಧ ಬೆಲೆಗೆ ಬಂದರೂ ನಾನು ಕೊಳ್ಳುತ್ತಿರಲಿಲ್ಲ.

ಆಮೇಲೆ ಗಡಿಯ ತಕರಾರು. ಕರ್ನಾಟಕದಲ್ಲಿ ಆಗ ಕರೆಂಟಿನ ಕಾರಿಗೆ ರಸ್ತೆ ತೆರಿಗೆ ಇರಲಿಲ್ಲ. ಪೆಟ್ರೋಲು ಕಾರನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ದರೆ ಉಳಿದ ವರ್ಷಗಳ ತೆರಿಗೆಯನ್ನು ವಾಪಸು ಕೇಳಬಹುದು. ಇಲ್ಲಿ ಕಟ್ಟಿದ್ದೇ ಇಲ್ಲ, ವಾಪಸು ಎಲ್ಲಿಂದ? ಕೇರಳದಲ್ಲಿ ಕಟ್ಟಲೇಬೇಕು. 2025ರ ಏಪ್ರಿಲಿನಿಂದ ಹದಿನೈದು ಲಕ್ಷದ ತನಕದ ಕಾರಿಗೆ ಶೇ. 5, ಇಪ್ಪತ್ತರ ತನಕ ಶೇ. 8, ಅದರ ಮೇಲೆ ಶೇ. 10. ಗಾಡಿಯ ವಯಸ್ಸು ನೋಡಿ ಇಳಿಸುತ್ತಾರೆ. ನಾನು ಅರುವತ್ತು ಸಾವಿರ ಬೇರೆಯೇ ತೆಗೆದಿಟ್ಟೆ. ಪುತ್ತೂರಿನ ಪಕ್ಕದ ಮನೆಯವನಿಗೆ ಅಗ್ಗದ ಗಾಡಿ ಗಡಿಯ ಈಚೆ ನಮ್ಮ ಆದೂರಿನವನಿಗೆ ಅಗ್ಗವಲ್ಲ. ಇದನ್ನೂ ಟಯರನ್ನೂ ಮುಂದಿಟ್ಟು ಮಾತಾಡಿದ್ದಕ್ಕೆ 8.25 ಲಕ್ಷ ಹೇಳಿದ್ದ ಮಾಸ್ಟ್ರು 7.6ಕ್ಕೆ ಇಳಿದರು. ಅವರ ಬ್ಯಾಂಕ್ ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸಿ, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬಂದ ಮೇಲೆಯೇ ಉಳಿದ ಹಣ ಎಂದು ಕರಾರು ಬರೆದೆವು. ಪುತ್ತೂರಿನ ಕೆಎ 21 ನಂಬರು ಇದ್ದಂತೆಯೇ ಓಡಿಸುತ್ತ ಕಾಲ ಕಳೆಯುವವರು ನಮ್ಮಲ್ಲಿ ಬೇಕಷ್ಟಿದ್ದಾರೆ. ಹನ್ನೆರಡು ತಿಂಗಳ ಮೇಲೆ ಹಾಗೆ ಓಡಿಸುವುದು ಕಾನೂನಿಗೆ ವಿರುದ್ಧ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನನ್ನ ಹೆಸರಿಗೆ ಮಾಡಿಸಿದೆ. ಕ್ಲೇಮು ಮಾಡದ್ದಕ್ಕೆ ಸಿಗುವ ರಿಯಾಯಿತಿ ಮಾಸ್ಟ್ರ ಜತೆಯಲ್ಲೇ ಹೋಗುತ್ತದೆ, ಕಾರಿನ ಜತೆ ಬರುವುದಿಲ್ಲ.

ಕೊನೆಗೆ ನನ್ನನ್ನು ಸತಾಯಿಸಿದ್ದು ಕಾರಲ್ಲ, ನನ್ನದೇ ಮನೆಯ ಅರ್ತಿಂಗ್. ಮೇ ತಿಂಗಳ ಬಿಸಿಲಿನಲ್ಲಿ ಗಾಡಿ ತಂದು ಪ್ಲಗ್ಗು ಚುಚ್ಚಿದರೆ ಚಾರ್ಜರು ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಊರಿಗೆಲ್ಲ ಅರ್ತಿಂಗ್ ಹಾಕಿಕೊಡುವ ನನ್ನ ಮನೆಯಲ್ಲೇ ಅದಿಲ್ಲ! ಮುರಕಲ್ಲಿನ ಗುಡ್ಡೆ ಬೇಸಿಗೆಯಲ್ಲಿ ಒಣಗಿದರೆ ಭೂಮಿ ಭೂಮಿಯಾಗಿ ಉಳಿಯುವುದಿಲ್ಲ. ಬಚ್ಚಲು ನೀರು ಇಂಗುವ ಕಡೆ ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಮೀಟರು ಬೋರ್ಡಿನಿಂದ ನೇರ ಎಳೆದು, ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಕೂರಿಸಿದೆ. ಎಂಟು ಗಂಟೆ ಎಡೆಬಿಡದೆ ಹದಿನಾಲ್ಕು ಆಂಪಿಯರ್ ಹೋಗುವ ಜಾಗಕ್ಕೆ ಇಸ್ತ್ರಿಪೆಟ್ಟಿಗೆಯ ಸಾಕೆಟು ಸಾಲದು. ತುಲಾ ಮಾಸದ ಗುಡುಗಿಗೆ ಪ್ಲಗ್ಗು ಕಿತ್ತಿಡುವುದು ಹೆಂಡತಿಯ ಪಾಲಿನ ಕೆಲಸ. ಹಿಂದಿನ ಸೀಟು ಮಡಚಿ ಗ್ರೀಸು ಮೆತ್ತಿದ ಸಬ್‌ಮರ್ಸಿಬಲ್ ಮಲಗಿಸಬಾರದು ಎಂಬ ಷರತ್ತೂ ಅವಳದ್ದೇ. ಗೋಣಿ ಹಾಸಿ ಮಲಗಿಸುತ್ತೇನೆ.

ಒಂದು ಲೆಕ್ಕ ಮಾತ್ರ ತಪ್ಪಿತು. ಮನೆಗೆ ತಿಂಗಳಿಗೆ 130 ಯೂನಿಟ್ ಇದ್ದದ್ದು ಕಾರು ಸೇರಿ 320 ಆಯಿತು. ಕೇರಳದಲ್ಲಿ 250 ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಮೇಲಿನ ದರ. ಅಗ್ಗದ ಹಂತಗಳ ಲಾಭ ಪೂರ್ತಿ ಹೋಗುತ್ತದೆ. ಫ್ಯಾನು, ಫ್ರಿಜ್ಜು ಸಹ ಕಾರಿನ ಲೆಕ್ಕಕ್ಕೆ ಸೇರಿದಂತಾಯಿತು. ಎಲ್ಲ ಹಿಡಿದರೆ ಕಿಲೋಮೀಟರಿಗೆ ಬೀಳುವುದು ಮೊದಲು ಹಿಡಿದಿದ್ದ ಆ ಒಂದೂಮುಕ್ಕಾಲು ರೂಪಾಯಿಯೇ. ಈಗ ಸೋಲಾರಿಗೆ ಅರ್ಜಿ ಹಾಕಿದ್ದೇನೆ.

ಪ್ಲೈವುಡ್ ಹಲಗೆಯನ್ನು ಬಿಚ್ಚಲಿಲ್ಲ. ಅದೇ ಸಬ್ ಮೀಟರ್ ಈಗ ಚಾವಡಿಯ ಗೋಡೆಯಲ್ಲಿದೆ. ಎರಡು ತಿಂಗಳಿಗೊಮ್ಮೆ ಇಪ್ಪತ್ತಕ್ಕೆ ಇಳಿಸಿ, ನೂರಕ್ಕೆ ಏರಿಸಿ, ಬಂದ ಯೂನಿಟ್ಟನ್ನು ಅಂಗಡಿಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ. ಮೊದಲ ಸಾಲು 25.4. ಕೊನೆಯದು 25.2. ಹೆಂಡತಿಯ ಅಣ್ಣ ಬಂದಾಗಲೆಲ್ಲ ಆ ಹಾಳೆ ಕೇಳುತ್ತಾರೆ. ಮೊನ್ನೆ, ಮಾಸ್ಟ್ರ ಊರಿನಲ್ಲಿ ಇನ್ನೊಂದು ಕಾರು ಇದ್ದರೆ ತಿಳಿಸಿ ಎಂದರು. ಹಲಗೆ ಒಂದು ರಾತ್ರಿಗೆ ಸಾಲ ಬೇಕಂತೆ.