ಮನೆಗೆ ನರ್ಸ್ ಕರೆಸ್ತಿದ್ದೀರಾ? ರೇಟು ಮೊದ್ಲೇ ಬರೆಸ್ಕೊಳ್ಳಿ

ಆಸ್ಪತ್ರೆ ಬಿಲ್ ಕಟ್ಟಿ, ಸದ್ಯ ಮುಗೀತಪ್ಪ ಅಂತ ಅಮ್ಮನ್ನೋ ಅಪ್ಪನ್ನೋ ಕುವೆಂಪುನಗರದ ಮನೆಗೆ ಕರ್ಕೊಂಡ್ ಬಂದ್ಮೇಲೆ ಇನ್ನೊಂದು ಖರ್ಚು ಶುರುವಾಗುತ್ತೆ. ಮಂಚ ಬಾಡಿಗೆ, ಆಕ್ಸಿಜನ್ ಮಿಷಿನ್, ರಾತ್ರಿ ನರ್ಸ್, ಫಿಸಿಯೋ, ಡ್ರೆಸ್ಸಿಂಗು, ಡೈಪರ್ರು, ಒಂದೊಂದಕ್ಕೂ ಒಬ್ಬೊಬ್ರು ಬರ್ತಾರೆ, ಒಬ್ಬೊಬ್ಬರದೂ ಬೇರೆ ಬೇರೆ ಲೆಕ್ಕ.

ಮೊದಲ್ನೇ ಕೆಲಸ ಡಿಸ್ಚಾರ್ಜಿಗೂ ಮುಂಚೆ. ಮನೇಲಿ ಏನೇನು ಬೇಕು, ಎಷ್ಟು ದಿನ ಬೇಕು ಅಂತ ಡಾಕ್ಟರ್ ಹತ್ರ ಡಿಸ್ಚಾರ್ಜ್ ಸಮರಿಲೇ ಬರೆಸಿ. ನರ್ಸ್ ಬೇಕಾ ಅಟೆಂಡರ್ ಸಾಕಾ ಅಂತ್ಲೂ ಕೇಳಿ. ಊಟ ಮಾಡ್ಸೋದು, ಮೈ ಒರೆಸೋದು, ಮಗ್ಗುಲು ಬದಲಾಯ್ಸೋದಕ್ಕೆ ಅಟೆಂಡರ್ ಸಾಕು. ಇಂಜೆಕ್ಷನ್ನು, ಕ್ಯಾತಿಟರ್ರು, ಗಾಯದ ಡ್ರೆಸ್ಸಿಂಗ್ ಅಂದ್ರೆ ಟ್ರೈನಿಂಗ್ ಆಗಿರೋ ನರ್ಸೇ ಬೇಕು. ಅಟೆಂಡರ್ ಮಾಡೋ ಕೆಲಸಕ್ಕೆ ನರ್ಸ್ ರೇಟ್ ಕೊಡ್ತಿರೋ ಮನೆಗಳು ಬೇಕಾದಷ್ಟಿವೆ.

ಆಮೇಲೆ ರೇಟು. ಏಜೆನ್ಸಿಯವ್ರು ಫೋನಲ್ಲಿ ಒಂದು ದಿನದ ಲೆಕ್ಕ ಹೇಳ್ತಾರೆ, "ಮಿಕ್ಕಿದ್ದು ನೋಡ್ಕೊಳೋಣ ಬಿಡಿ ಸಾರ್" ಅಂತಾರೆ. ಎಲ್ಲಾ ಎಡವಟ್ಟಿರೋದು ಆ ಮಿಕ್ಕಿದ್ದರಲ್ಲೇ. ಡ್ಯೂಟಿ 12 ಗಂಟೆನಾ 24 ಗಂಟೆನಾ, ಊಟ ಯಾರ್ದು, ರಿಜಿಸ್ಟ್ರೇಷನ್ ಅಂತ ಬೇರೆ ದುಡ್ಡಿದ್ಯಾ, ಭಾನುವಾರಕ್ಕೆ ಜಾಸ್ತಿನಾ, ದಸರಾ ರಜೆಗೆ ಹುಡುಗಿ ಊರಿಗೆ ಹೋದ್ರೆ ಬದಲಿ ಕಳಿಸ್ತೀರಾ, ಕಳಿಸದೇ ಇದ್ರೆ ಆ ದಿನದ ದುಡ್ಡು ಕಟ್ ಆಗುತ್ತಾ, ಗ್ಲೌಸು ಸಿರಿಂಜು ರೇಟಲ್ಲೇ ಸೇರಿದ್ಯಾ, ಮಧ್ಯದಲ್ಲೇ ನಿಲ್ಲಿಸಿದ್ರೆ ಅಡ್ವಾನ್ಸ್ ವಾಪಸ್ಸಾ, ಇಷ್ಟೂ ವಾಟ್ಸಾಪಲ್ಲಿ ಕೇಳಿ, ಉತ್ತರಾನೂ ಅಲ್ಲೇ ಇಸ್ಕೊಳ್ಳಿ. ಕೇಳೋಕೆ ಸಂಕೋಚ ಆಗುತ್ತೆ ನಿಜ, ಆದ್ರೆ ಬರೆದು ಕೊಡೋಕೆ ಹಿಂದೆ ಮುಂದೆ ನೋಡೋವ್ರನ್ನ ಅಲ್ಲಿಗೇ ಬಿಟ್ಟು ಬೇರೆಯವ್ರನ್ನ ವಿಚಾರಿಸೋದೇ ವಾಸಿ. ಬಾಡಿಗೆ ಮಿಷಿನ್ನಿಗೂ ಇದೇ ಕಥೆ: ಡೆಪಾಸಿಟ್ ಎಷ್ಟು, ಕೆಟ್ರೆ ರಿಪೇರಿ ಯಾರ್ದು, ಹತ್ತೇ ದಿನಕ್ಕೆ ವಾಪಸ್ ಕೊಟ್ರೂ ತಿಂಗಳ ಬಾಡಿಗೆನಾ. ಮಿಷಿನ್ ಬಂದಾಗ್ಲೇ ಒಂದು ಫೋಟೋ ತೆಗೆದಿಡಿ.

ಇನ್ಶೂರೆನ್ಸ್ ಇದ್ಯಲ್ಲ ಅಂತ ನೆಮ್ಮದಿಯಾಗಿ ಇರಬೇಡಿ. ಮನೇಲಿ ಟ್ರೀಟ್‌ಮೆಂಟ್ ಅನ್ನೋ ಕವರ್ ಸುಮಾರು ಪಾಲಿಸಿಲಿ ಇರುತ್ತೆ, ಆದ್ರೆ ಆಸ್ಪತ್ರೆಲೇ ಕೊಡಬೇಕಾದ ಟ್ರೀಟ್‌ಮೆಂಟ್ ಆಗಿರಬೇಕು, ಪೇಷಂಟನ್ನ ಸಾಗಿಸೋಕಾಗಲ್ಲ ಇಲ್ಲಾ ಬೆಡ್ ಸಿಗ್ಲಿಲ್ಲ ಅನ್ನೋ ಕಾರಣ ಇರಬೇಕು, ಸಾಮಾನ್ಯವಾಗಿ ಮೂರು ದಿನಕ್ಕಿಂತ ಜಾಸ್ತಿ ನಡೆದಿರಬೇಕು. ಬರೀ ನೋಡ್ಕೊಳೋ ಅಟೆಂಡರ್ ಸಂಬಳ ಬಹುತೇಕ ಸಿಗಲ್ಲ. ಡಿಸ್ಚಾರ್ಜ್ ನಂತರದ ಔಷಧಿ, ಟೆಸ್ಟು ಪಾಲಿಸಿಲಿ ಹೇಳಿರೋಷ್ಟು ದಿನ ಸಿಗುತ್ತೆ, ಅದಕ್ಕೆ ಡಾಕ್ಟರ್ ಚೀಟಿ ಮತ್ತೆ ಒರಿಜಿನಲ್ ಬಿಲ್ಲು ಎರಡೂ ಬೇಕು. ಆಯುಷ್ಮಾನ್ ಭಾರತ್ ಪ್ಯಾಕೇಜಲ್ಲಿ ಡಿಸ್ಚಾರ್ಜ್ ಆದ್ಮೇಲೆ 15 ದಿನದ ಖರ್ಚು ಸೇರಿರುತ್ತೆ, ಆ ಔಷಧಿಗೆ ಮತ್ತೆ ಕೈಯಿಂದ ದುಡ್ಡು ಕೇಳಿದ್ರೆ ಆ ಯೋಜನೆ ಸಹಾಯವಾಣಿ 14555ಕ್ಕೆ ಫೋನ್ ಮಾಡಿ.

ಬಿಲ್ಲನ್ನ ತಿಂಗಳಿಗಲ್ಲ, ವಾರಕ್ಕೊಂದ್ಸಲ ಕೇಳಿ. ಯಾರು ಎಷ್ಟೊತ್ತಿಗೆ ಬಂದ್ರು, ಏನು ಬಳಸಿದ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಸೈನ್ ಹಾಕ್ಸಿ. ಡೈಪರ್, ಔಷಧಿ ನೀವೇ ತರೋದು ಒಳ್ಳೇದು, ಜನೌಷಧಿ ಕೇಂದ್ರದಲ್ಲಿ ಸಿಗೋದಾದ್ರೆ ಅಲ್ಲೇ. ದುಡ್ಡು ಯುಪಿಐಲೇ ಹಾಕಿ: ಪಾಲಿಸಿ ಇಲ್ಲದ 60 ದಾಟಿದ ತಂದೆ ತಾಯಿ ವೈದ್ಯಕೀಯ ಖರ್ಚಿಗೆ ಹಳೇ ತೆರಿಗೆ ಪದ್ಧತಿಲಿ ವರ್ಷಕ್ಕೆ 50,000ದ ತನಕ ನಿಮ್ಮ ಆದಾಯದಿಂದ ಕಳೆಯಬಹುದು, ಕ್ಯಾಶ್ ಕೊಟ್ಟಿದ್ರೆ ಲೆಕ್ಕಕ್ಕಿಲ್ಲ.

ಬಿಲ್ ಉಲ್ಟಾ ಬಂತಾ? ಐಟಂ ಪ್ರಕಾರ ಬಿಲ್ ಕೊಡಿ ಅಂತ ಬರೆದು ಕೇಳಿ. ಬಗ್ಗದಿದ್ರೆ ಗ್ರಾಹಕ ಸಹಾಯವಾಣಿ 1915. ಅದಾದ್ಮೇಲೆ ಜಿಲ್ಲಾ ಗ್ರಾಹಕ ಆಯೋಗ, ಮೈಸೂರಲ್ಲೂ ಇದೆ ಮಂಡ್ಯದಲ್ಲೂ ಇದೆ, ಕೊಟ್ಟ ಮೊತ್ತ 5 ಲಕ್ಷದೊಳಗಿದ್ರೆ ಅರ್ಜಿ ಫೀಸೂ ಇಲ್ಲ. ಇನ್ಶೂರೆನ್ಸ್ ಕ್ಲೇಮ್ ರಿಜೆಕ್ಟ್ ಆದ್ರೆ ಮೊದ್ಲು ಕಂಪನಿಗೇ ದೂರು ಬರೀರಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಥವಾ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಒಂದು ವರ್ಷದೊಳಗೆ ಬೆಂಗಳೂರಲ್ಲಿ ವಿಮೆ ದೂರು ತೀರ್ಮಾನ ಮಾಡೋ ಅಧಿಕಾರಿ, ಅಂದ್ರೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಫೀಸಿಲ್ಲ, ಲಾಯರ್ ಇಡೋ ಹಾಗೂ ಇಲ್ಲ, ರಿಜೆಕ್ಟ್ ಲೆಟರ್ರು ಮತ್ತೆ ಆ ನೋಟ್‌ಬುಕ್ಕಿನ ಜೆರಾಕ್ಸ್ ಜೊತೆಗಿಡಿ.