ಅಪ್ಪ ಆಗಬೇಕು ಅನ್ನುವ ಹಂಬಲ: ನಾನು ನಿಭಾಯಿಸಿದ್ದು ಹೀಗೆ

ನಾನು ಟ್ರಾನ್ಸ್‌ಮ್ಯಾನ್, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡ ಗಂಡಸು. ವಯಸ್ಸು 27. ಊರು ಟಿ. ನರಸೀಪುರದ ಕಡೆ, ಕೆಲಸ ಮೈಸೂರಿನಲ್ಲಿ. ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನಿನ ಇಂಜೆಕ್ಷನ್ ಶುರು ಮಾಡಿ ಕೆಲವು ವರ್ಷ ಆಯಿತು. ದನಿ ಒಡೆಯಿತು, ಗಡ್ಡ ಬಂತು, ಎದೆಯ ಸರ್ಜರಿಯೂ ಮುಗಿಯಿತು. ಇನ್ನೇನು ನೆಮ್ಮದಿಯಾಗಿ ಇರಬಹುದು ಅನ್ನುವಾಗ ಈ ಆಸೆ ಮೇಲೆ ಬಂದು ಕೂತಿತು. ಮಗು ಬೇಕು. ನಾನು ಅಪ್ಪ ಆಗಬೇಕು.

ಆಫೀಸಿನಲ್ಲಿ ಯಾರಿಗಾದರೂ ಮಗು ಆಗಿ ಪೇಡದ ಡಬ್ಬ ಬಂದರೆ ಸಾಕು, ಅವತ್ತು ಮಧ್ಯಾಹ್ನ ಊಟ ಸೇರುತ್ತಿರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಮಗು ಅಪ್ಪನ ಭುಜದ ಮೇಲಿಂದ ನನ್ನನ್ನೇ ನೋಡಿ ನಕ್ಕರೆ ಕಿಟಕಿ ಕಡೆ ತಿರುಗುತ್ತಿದ್ದೆ. ಹೊಟ್ಟೆಕಿಚ್ಚು ಅನ್ನೋಣ ಅಂದ್ರೆ ಅದೂ ಅಲ್ಲ. ಎದೆ ಬಿಗಿಯುತ್ತಿತ್ತು.

ಕೌನ್ಸೆಲರ್ ಒಬ್ಬರ ಹತ್ತಿರ ಹೋಗುತ್ತಿದ್ದೆ. ಅವರು ಸಮಾಧಾನ ಹೇಳಲಿಲ್ಲ. ‘ಮಗು ಬೇಕು ಅಂತೀರಲ್ಲ, ಅದರಲ್ಲಿ ನಿಮಗೆ ಬೇಕಾಗಿರೋದು ಏನೇನು? ಒಂದೊಂದಾಗಿ ಬರೆಯಿರಿ’ ಅಂದರು. ಸುಮ್ನೆ ಬರೆಯೋಣ ಅಂತ ಕೂತವನಿಗೆ ಒಳಗಿನ ಗಂಟು ಕಾಣಿಸಿತು. ಅದು ಒಂದು ಆಸೆ ಆಗಿರಲೇ ಇಲ್ಲ, ನಾಲ್ಕೈದು ಸೇರಿಕೊಂಡಿದ್ದವು. ನನ್ನ ಹುಡುಗಿ ನನ್ನಿಂದ ಬಸಿರಾಗಬೇಕು ಅನ್ನುವುದು ಒಂದು. ನಮ್ಮ ತಂದೆಯ ಮೂಗು, ನಮ್ಮ ಮನೆಯವರ ಕಿವಿ ಮಗುವಿನಲ್ಲಿ ಕಾಣಬೇಕು ಅನ್ನುವುದು ಇನ್ನೊಂದು. ಮಗುವನ್ನು ಎತ್ತಿ ಆಡಿಸಿ, ಶಾಲೆಗೆ ಬಿಟ್ಟು, ಜ್ವರ ಬಂದ ರಾತ್ರಿ ಕಾಯುವ ಆಸೆಯೇ ಬೇರೆ. ಇವೆಲ್ಲದರ ಹಿಂದೆ, ಊರವರು ನನ್ನನ್ನು ಒಬ್ಬ ಅಪ್ಪ ಅಂತ ನೋಡಬೇಕು ಅನ್ನುವ ಹಟವೂ ಇತ್ತು.

ಮೊದಲನೆಯದಕ್ಕೆ ಮದ್ದಿಲ್ಲ. ನನ್ನ ಮೈಯಲ್ಲಿ ವೀರ್ಯ ಇಲ್ಲ, ಮುಂದೆಯೂ ಇರುವುದಿಲ್ಲ. ಇದನ್ನು ಯಾವ ಸರ್ಜರಿಯೂ ಕೊಡುವುದಿಲ್ಲ. ರಾತ್ರಿ ಹೊತ್ತು ಜಾಸ್ತಿ ಕಾಡುತ್ತಿದ್ದದ್ದು ಇದೇ. ಇದರ ಬಗ್ಗೆ ನನಗೆ ಕೆಲಸಕ್ಕೆ ಬಂದ ಮಾತು ಸಿಕ್ಕಿದ್ದು ನಮ್ಮ ಬೀದಿಯ ಒಬ್ಬ ಅಂಕಲ್‌ನಿಂದ. ಅವರಿಗೆ ವೀರ್ಯಾಣುಗಳ ಕೌಂಟ್ ಇಲ್ಲ ಅಂತ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತಂತೆ. ‘ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ ಕಣಪ್ಪ. ಹೆಂಡತಿ ಮೇಲೆ ಬಂದ ಮಾತನ್ನೆಲ್ಲ ಸುಮ್ಮನೆ ಕೇಳಿಸ್ಕೊಂಡೆ’ ಅಂದರು. ಹುಟ್ಟಾ ಗಂಡಸರಲ್ಲೂ ಎಷ್ಟೋ ಜನ ಇದನ್ನೇ ಬಾಯಿಮುಚ್ಚಿ ಹೊತ್ತಿರುತ್ತಾರೆ. ನನ್ನ ದುಃಖ ಟ್ರಾನ್ಸ್ ಆಗಿದ್ದಕ್ಕೆ ಬಂದ ಶಾಪ ಅಂದುಕೊಂಡಿದ್ದೆ. ಹಾಗಲ್ಲ ಅಂತ ತಿಳಿದ ಮೇಲೆ ಅದು ಹೋಗಲಿಲ್ಲ, ಆದರೆ ನನ್ನ ಗಂಡಸುತನದ ಮೇಲೆ ಬೊಟ್ಟು ಮಾಡುವುದನ್ನು ಬಿಟ್ಟಿತು. ಹುಡುಗಿಗೂ ಎಲ್ಲ ಹೇಳಿದೆ. ಅವಳು ಅತ್ತಳು. ‘ನನಗೂ ಅದೇ ಆಸೆ ಇತ್ತು, ನಿನಗೆ ನೋವಾಗುತ್ತೆ ಅಂತ ಬಾಯಿ ಬಿಡಲಿಲ್ಲ’ ಅಂದಳು.

ಎರಡನೆಯದು, ಅಂದರೆ ರಕ್ತಸಂಬಂಧದ್ದು, ಸ್ವಲ್ಪ ತಿಳಿದು ನಿರ್ಧಾರ ಮಾಡಬೇಕಾದದ್ದು. ಟೆಸ್ಟೋಸ್ಟಿರಾನ್ ತಗೊಂಡ ತಕ್ಷಣ ಮಕ್ಕಳಾಗುವ ಶಕ್ತಿ ಪೂರ್ತಿ ಹೋಗುತ್ತದೆ ಅಂತ ನಮ್ಮ ಹುಡುಗರಲ್ಲಿ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಮುಟ್ಟು ನಿಂತಿದ್ದರೂ ಅಂಡಾಶಯ ಕೆಲಸ ಮಾಡುತ್ತಿರಬಹುದು. ಇಂಜೆಕ್ಷನ್ ಗರ್ಭನಿರೋಧಕ ಅಲ್ಲ. ನಿಲ್ಲಿಸಿದ ಮೇಲೆ ಅಂಡಾಣು ತೆಗೆಸಿ ಫ್ರೀಜ್ ಮಾಡಿದವರಿದ್ದಾರೆ, ತಾವೇ ಮಗು ಹೆತ್ತವರೂ ಇದ್ದಾರೆ. ಆದರೆ ಎರಡೂ ಅಂಡಾಶಯ ತೆಗೆಸಿದರೆ ಆ ಬಾಗಿಲು ಮುಚ್ಚಿದಂತೆಯೇ. ಅದಕ್ಕೇ ನಾನು ಆ ಸರ್ಜರಿಯನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇನೆ. ಫ್ರೀಜಿಂಗ್ ಮಾತ್ರ ಬೇಡ ಅಂದೆ. ಇಂಜೆಕ್ಷನ್ ನಿಲ್ಲಿಸಿ ಕಾಯಬೇಕು, ಮತ್ತೆ ಮುಟ್ಟು ಶುರುವಾಗಬಹುದು, ಆಮೇಲೆ ಒಂದೆರಡು ವಾರ ದಿನಾ ಬೇರೆ ಹಾರ್ಮೋನ್ ಚುಚ್ಚಿಸಿಕೊಂಡು, ಒಳಗಿನಿಂದ ಸ್ಕ್ಯಾನ್ ಮೇಲೆ ಸ್ಕ್ಯಾನ್. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಇನ್ನೊಬ್ಬರಿಗೆ ಇರಬಹುದು.

2023ರ ಫೆಬ್ರವರಿಯಲ್ಲಿ ಕೋಳಿಕ್ಕೋಡಿನ ಜಹಾದ್ ಮಗು ಹೆತ್ತ ಸುದ್ದಿ ಎಲ್ಲ ಟಿವಿಯಲ್ಲೂ ಬಂತು. ಅವರು ಟ್ರಾನ್ಸ್‌ಮ್ಯಾನ್, ಜೊತೆಗಾತಿ ಜಿಯಾ ಪಾವಲ್ ಟ್ರಾನ್ಸ್ ಮಹಿಳೆ. ಅಮ್ಮ ಊರಿಂದ ಫೋನ್ ಮಾಡಿದರು.

‘ನೋಡ್ದೇನೋ? ನೀನೂ ಹಂಗೇ ಮಾಡ್ತೀಯಾ?’

‘ಇಲ್ಲಮ್ಮ, ನನ್ನ ಕೈಲಾಗಲ್ಲ.’

‘ಸರಿ ಬಿಡು. ಆ ಹುಡುಗನಿಗೆ ಬಾಣಂತನ ಯಾರು ಮಾಡ್ತಾರಂತೆ?’

ಮಗುವಿನ ಜನನ ಪ್ರಮಾಣಪತ್ರದಲ್ಲಿ ಅಪ್ಪ, ಅಮ್ಮ ಅಂತ ಬೇಡ, ಇಬ್ಬರನ್ನೂ ಪೋಷಕರು ಅಂತ ಬರೆಯಿರಿ ಅಂತ ಆ ದಂಪತಿ ಕೇರಳ ಹೈಕೋರ್ಟಿಗೆ ಹೋದರು. 2025ರಲ್ಲಿ ಅವರ ಪರವಾಗಿ ತೀರ್ಪು ಬಂತು. ಹೆತ್ತ ಮೇಲೂ ಕಾಗದದ ಮೇಲೆ ತಾನು ಯಾರು ಅಂತ ಬರೆಸಲು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು ನೋಡಿ.

ಕಾಯ್ದೆಯ ವಿಷಯ ಹೇಳಿದರೆ ಬೇಜಾರಾಗುತ್ತದೆ, ಆದರೂ ಗೊತ್ತಿರಲಿ. 2021ರ ಬಾಡಿಗೆ ತಾಯ್ತನದ ಕಾಯ್ದೆ ಮದುವೆಯಾದ ಗಂಡ ಹೆಂಡತಿಗೆ, ಮತ್ತು 35ರಿಂದ 45ರೊಳಗಿನ ವಿಧವೆಯರಿಗೆ, ವಿಚ್ಛೇದನ ಪಡೆದ ಹೆಂಗಸರಿಗೆ. ಅದೇ ವರ್ಷದ ಐವಿಎಫ್ (ಪ್ರನಾಳ ಶಿಶು) ಕಾಯ್ದೆಯಲ್ಲಿ ಮಕ್ಕಳಾಗದ ದಂಪತಿ ಮತ್ತು 21 ದಾಟಿದ ಮಹಿಳೆ ಇದ್ದಾರೆ. ಒಂಟಿ ಗಂಡಸಿಗೆ ಎರಡರಲ್ಲೂ ಜಾಗ ಇಲ್ಲ. ನನ್ನ ಅಂಡಾಣು ಮೈಯಲ್ಲಿದೆ, ಗುರುತಿನ ಚೀಟಿಯಲ್ಲಿ ಪುರುಷ ಅಂತಿದೆ. ಕಾನೂನು ಬರೆದವರಿಗೆ ನನ್ನಂಥವನೊಬ್ಬ ಇರಬಹುದು ಅಂತ ಹೊಳೆದೇ ಇಲ್ಲ, ಅಲ್ವಾ?

ಉಳಿದದ್ದು ಮಗುವನ್ನು ನೋಡಿಕೊಳ್ಳುವ ಆಸೆ. ನನ್ನ ಹಂಬಲದಲ್ಲಿ ದೊಡ್ಡ ಪಾಲು ಅದೇ ಅಂತ ಗೊತ್ತಾಗಿದ್ದು ಅಕ್ಕನ ಮಗನಿಂದ. ಅವನ ಮುಡಿ ಕೊಡಲು ನಂಜನಗೂಡಿಗೆ ಹೋಗಿದ್ದೆವು. ಮಗುವನ್ನು ಸೋದರಮಾವ ತೊಡೆ ಮೇಲೆ ಕೂರಿಸಿಕೊಳ್ಳಬೇಕು. ದೊಡ್ಡಪ್ಪ ಮೆಲ್ಲಗೆ, ‘ಚಿಕ್ಕಮ್ಮನ ಮಗ ಬಂದಿದಾನಲ್ಲ, ಅವನೇ ಕೂತ್ಕೊಳ್ಳಲಿ’ ಅಂದರು. ಅಕ್ಕ ತಿರುಗಿಯೂ ನೋಡಲಿಲ್ಲ. ‘ನನ್ನ ಮಗನಿಗೆ ಮಾವ ಇದಾನೆ ದೊಡ್ಡಪ್ಪ’ ಅಂತ ಮಗುವನ್ನು ತಂದು ನನ್ನ ತೊಡೆಗೆ ಹಾಕಿದಳು. ಹೊಸ ಪಂಚೆ ಜಾರುತ್ತಿತ್ತು. ತಲೆಗೆ ನೀರು ಹಚ್ಚುತ್ತಿದ್ದಂತೆ ಅವನು ಕಿರುಚಲು ಶುರು ಮಾಡಿದ. ಎರಡೂ ಕೈಯಲ್ಲಿ ಕೆನ್ನೆ ಹಿಡಿದು ಅಲುಗಾಡದಂತೆ ನೋಡಿಕೊಳ್ಳಬೇಕು, ಬ್ಲೇಡು ಕಿವಿ ಹತ್ತಿರ ಬಂದಾಗ ನನ್ನ ಉಸಿರೇ ನಿಂತಿತ್ತು. ಕೂದಲೆಲ್ಲ ನನ್ನ ಬೆವರಿದ ಕತ್ತಿಗೆ ಅಂಟಿಕೊಂಡಿತು. ಅವನು ಪಂಚೆ ಮೇಲೆ ಉಚ್ಚೆ ಹೊಯ್ದ. ಬೋಳು ತಲೆಗೆ ಗಂಧ ಹಚ್ಚುವಾಗ ಅಳು ನಿಲ್ಲಿಸಿ ನನ್ನ ಗಡ್ಡ ಜಗ್ಗಿದ. ಆ ಅರ್ಧ ಗಂಟೆ ಎದೆ ಬಿಗಿಯಲಿಲ್ಲ.

ಅಲ್ಲಿಂದ ವಾರದ ರಜೆಯಲ್ಲಿ ಅವನನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು. ಊಟ ಮಾಡಿಸುವುದು, ಮಲಗಿಸುವುದು, ಲಸಿಕೆ ಹಾಕಿಸಿ ರಾತ್ರಿ ಎದ್ದಿರುವುದು. ಅಕ್ಕ ಭಾವನಿಗೆ ಮೊದಲೇ ಹೇಳಿದ್ದೇನೆ, ಇವನು ನಿಮ್ಮ ಮಗ, ನನ್ನ ಬೇಜಾರಿಗೆ ಇವನು ಔಷಧಿ ಅಲ್ಲ, ನಾನು ಅತಿ ಮಾಡಿದರೆ ಮುಖಕ್ಕೇ ಹೇಳಿ ಅಂತ. ಒಮ್ಮೆ ಹೇಳಿದ್ದಾರೆ ಕೂಡ.

ದಿನದ ಮಟ್ಟಿಗೆ ಇನ್ನೂ ಕೆಲವು ಏರ್ಪಾಡು ಮಾಡಿಕೊಂಡೆ. ನಾಮಕರಣಕ್ಕೆಲ್ಲ ಹೋಗಲೇಬೇಕಂತ ಇಲ್ಲ. ಮನಸ್ಸು ಸರಿ ಇಲ್ಲದಿದ್ದರೆ ಉಡುಗೊರೆ ಕಳಿಸಿ ಸುಮ್ಮನಿರುತ್ತೇನೆ. ಕೆಲವರ ವಾಟ್ಸಾಪ್ ಸ್ಟೇಟಸ್ ಮ್ಯೂಟ್ ಮಾಡಿದ್ದೇನೆ. ಇಂಜೆಕ್ಷನ್ ಅವಧಿ ಮುಗಿಯುವ ಕೊನೆಯ ದಿನಗಳಲ್ಲಿ ನನಗೆ ಮನಸ್ಸು ಕುಸಿಯುತ್ತದೆ, ಆಗ ಮಗುವಿನ ವಿಷಯದಲ್ಲಿ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಇನ್ನು ಪಾರ್ಕಿನಲ್ಲಿ ಗೊತ್ತಿಲ್ಲದ ಮಕ್ಕಳನ್ನು ನಾನು ಮಾತಾಡಿಸುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೆಂಗಳೂರಿನಲ್ಲೂ ಒಬ್ಬನನ್ನು ಹೊಡೆದು ಕೊಂದರು. ನಮ್ಮವರ ಮೇಲೆ ಆ ಕಣ್ಣು ಬೀಳಲು ಜಾಸ್ತಿ ಹೊತ್ತು ಬೇಡ.

ಮುಂದಿನ ದಾರಿ ದತ್ತು. ಮಗುವಿಗಿಂತ ಕನಿಷ್ಠ 25 ವರ್ಷ ದೊಡ್ಡವರಾದ ಒಂಟಿ ವ್ಯಕ್ತಿ ಅರ್ಜಿ ಹಾಕಬಹುದು, ಆದರೆ ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ದಂಪತಿಗೆ ಆ ತಡೆ ಇಲ್ಲ, ಮದುವೆಯಾಗಿ ಎರಡು ವರ್ಷ ಆಗಿರಬೇಕು ಅಷ್ಟೇ. ಗಂಡು ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್ ವ್ಯಕ್ತಿಗಳು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಹೇಳಿದೆ. ಹಾಗಾಗಿ ಮೊದಲು ರಿಜಿಸ್ಟರ್ ಮದುವೆ. ದತ್ತು ಕೊಡುವ ಮೊದಲು ಮನೆ ನೋಡಲು ಬರುವವರು ವರಮಾನ, ಆರೋಗ್ಯ, ಮನೆಯವರ ಒಪ್ಪಿಗೆ ಎಲ್ಲ ಕೇಳುತ್ತಾರೆ, ಅದಕ್ಕೆ ಈಗಲೇ ಆರ್‌ಡಿ ಶುರು ಮಾಡಿದ್ದೇನೆ. ಹೆಸರು ಬದಲಾದ ಕಾಗದಗಳನ್ನೆಲ್ಲ ಒಂದೇ ಫೈಲಿಗೆ ಸೇರಿಸುತ್ತಿದ್ದೇನೆ.

ನನ್ನ ಹುಡುಗಿಗೆ ಕೈಗೂಸೇ ಬೇಕಂತೆ, ಹೆಣ್ಣು ಬೇಕಂತೆ. ನಾನು ಐದಾರು ವರ್ಷದ ಮಗು ಸಾಕು ಅಂತೀನಿ, ದೊಡ್ಡ ಮಕ್ಕಳನ್ನು ಕೇಳುವವರು ಕಡಿಮೆ, ಕಾಯುವುದೂ ಕಡಿಮೆ. ‘ನಿನಗೆ ಸೈಕಲ್ ಕಲಿಸೋಕೆ ಮಗು ಬೇಕು, ಅಷ್ಟೇ’ ಅಂತಾಳೆ. ಈ ಜಗಳ ಇನ್ನೂ ಮುಗಿದಿಲ್ಲ.