ಸೇನಾ ಕಾರ್ಯಾಚರಣೆಗೆ ಕೃತಕ ಬುದ್ಧಿಮತ್ತೆ: ಅಳವಡಿಸುವುದು ಹೇಗೆ, ತಡೆಯುವುದು ಎಲ್ಲಿ

ಹೊಸ ತಂತ್ರಾಂಶ ಕೈಗೆ ಬಂದ ಕೂಡಲೇ ಅದನ್ನು ಗುರಿ ಹುಡುಕಲು ಹಚ್ಚುವುದು ದೊಡ್ಡ ತಪ್ಪು. ಮೊದಲ ಹಂತದಲ್ಲಿ ಸರಕು ಸಾಗಣೆಯ ಯೋಜನೆ, ಬಿಡಿಭಾಗ ಯಾವಾಗ ಕೈಕೊಡಬಹುದೆಂಬ ಅಂದಾಜು ಮುಂತಾದ ಕೆಲಸಗಳನ್ನಷ್ಟೇ ಒಪ್ಪಿಸಬೇಕು. 1991ರ ಕೊಲ್ಲಿ ಯುದ್ಧದ ಹೊತ್ತಿಗೇ ಅಮೆರಿಕದ ಸೇನೆ ‘ಡಾರ್ಟ್’ ಎಂಬ ತಂತ್ರಾಂಶವನ್ನು ಸಾಗಣೆಗೆ ಬಳಸಿ ಲಾಭ ಕಂಡಿತ್ತು.

ಎರಡನೆಯದು ದತ್ತಾಂಶ. ಗುರಿ ಗುರುತಿಸುವುದನ್ನು ಯಂತ್ರಕ್ಕೆ ಕಲಿಸಲು ಧೂಳು, ಮಂಜು, ಮರೆಮಾಚುವ ಬಲೆ, ಹುಸಿ ಟ್ಯಾಂಕ್ ಇವೆಲ್ಲ ಇರುವ ಚಿತ್ರಗಳು ಬೇಕು. ಕಲಿಸಲು ಬಳಸಿದ ಚಿತ್ರಗಳಿಂದಲೇ ಪರೀಕ್ಷೆ ಮುಗಿಸುವ ಅಡ್ಡದಾರಿ ಬೇಡವೇ ಬೇಡ.

ಮೂರನೆಯ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ: ‘ಶೇ 99ರಷ್ಟು ನಿಖರ’ ಎಂಬ ಮಾತನ್ನು ಲೆಕ್ಕ ಹಾಕದೆ ನಂಬುತ್ತಾರೆ. ಒಂದು ಪ್ರದೇಶದ 10,000 ವಾಹನಗಳಲ್ಲಿ 10 ಮಾತ್ರ ಕ್ಷಿಪಣಿ ವಾಹಕಗಳು ಎಂದಿಟ್ಟುಕೊಳ್ಳಿ. ಯಂತ್ರ ಆ ಹತ್ತನ್ನೂ ಬಹುತೇಕ ಹಿಡಿಯುತ್ತದೆ; ಆದರೆ ಉಳಿದ 9,990ರಲ್ಲಿ ಶೇ 1ರಷ್ಟನ್ನು, ಅಂದರೆ ಸುಮಾರು 100 ಸಾಮಾನ್ಯ ವಾಹನಗಳನ್ನೂ ಕ್ಷಿಪಣಿ ವಾಹಕವೆಂದೇ ತೋರಿಸುತ್ತದೆ. ಪರದೆಯ ಮೇಲೆ ಮೂಡುವ ಪ್ರತಿ ಹನ್ನೊಂದು ಎಚ್ಚರಿಕೆಗಳಲ್ಲಿ ಹತ್ತು ಸುಳ್ಳು, ಆ ಹತ್ತರೊಳಗೆ ಜನ ತುಂಬಿದ ಬಸ್ಸೂ ಇರಬಹುದು. ಆದ್ದರಿಂದ ಹುಸಿ ಎಚ್ಚರಿಕೆಗಳ ಪ್ರಮಾಣ ಎಷ್ಟು, ಅದನ್ನು ಯಾವ ನೆಲದಲ್ಲಿ, ಯಾವ ಹವೆಯಲ್ಲಿ ಅಳೆದದ್ದು ಎಂದು ಮಾರಾಟಗಾರರನ್ನು ಲಿಖಿತವಾಗಿ ಕೇಳಬೇಕು. ಉತ್ತರಿಸದವರ ಉತ್ಪನ್ನ ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ನಾಲ್ಕನೆಯದು ಮನುಷ್ಯನ ನಿರ್ಧಾರ. ಗುಂಡಿ ಒತ್ತಲು ಒಬ್ಬರನ್ನು ಕೂರಿಸಿದ ಮಾತ್ರಕ್ಕೆ ನಿಯಂತ್ರಣ ಕೈಯಲ್ಲಿ ಉಳಿಯುವುದಿಲ್ಲ. 2003ರ ಮಾರ್ಚ್‌ನಲ್ಲಿ, ಇರಾಕ್ ಯುದ್ಧದ ವೇಳೆ, ಅಮೆರಿಕದ ‘ಪೇಟ್ರಿಯಟ್’ ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ಮಿತ್ರರಾಷ್ಟ್ರ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಕ್ಷಿಪಣಿಯೆಂದು ವರ್ಗೀಕರಿಸಿತು. ಸಿಬ್ಬಂದಿ ಅದನ್ನು ನಂಬಿ ಹೊಡೆದುರುಳಿಸಿದ್ದರಿಂದ ಇಬ್ಬರು ವೈಮಾನಿಕರು ಸತ್ತರು. 1983ರಲ್ಲಿ ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದ ಕ್ಷಿಪಣಿಗಳು ಹೊರಟಿವೆಯೆಂದು ಎಚ್ಚರಿಸಿದಾಗ, ಕರ್ತವ್ಯದಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ನಿಜವಾದ ದಾಳಿ ಐದೇ ಕ್ಷಿಪಣಿಗಳಿಂದ ಆರಂಭವಾಗಲಾರದೆಂದು ಯೋಚಿಸಿ ಅದನ್ನು ಸುಳ್ಳೆಂದು ವರದಿ ಮಾಡಿದರು. ಎರಡೂ ಇಂದಿನ ಅರ್ಥದ ಕೃತಕ ಬುದ್ಧಿಮತ್ತೆಯಲ್ಲ, ಆದರೂ ಯಂತ್ರದ ಮಾತನ್ನು ಒಪ್ಪಬೇಕೇ ಎಂಬ ಪ್ರಶ್ನೆ ಅದೇ.

ಪರದೆಯ ಮುಂದೆ ಕೂರುವವರಿಗೆ ಮಾಹಿತಿಯ ಎರಡನೆಯ ಸ್ವತಂತ್ರ ಮೂಲ, ಪರಿಶೀಲಿಸಲು ಸಮಯ ಮತ್ತು ‘ಬೇಡ’ ಎನ್ನುವ ಅಧಿಕಾರ, ಈ ಮೂರನ್ನೂ ಲಿಖಿತ ಆದೇಶದಲ್ಲಿ ಕೊಡಬೇಕು. ತಾಲೀಮಿನಲ್ಲಿ ಬೇಕೆಂದೇ ಸುಳ್ಳು ಎಚ್ಚರಿಕೆಗಳನ್ನು ಸೇರಿಸಿ, ಎಷ್ಟನ್ನು ಸಿಬ್ಬಂದಿ ತಡೆದರೆಂದು ದಾಖಲಿಸಬೇಕು. ಒಂದನ್ನೂ ತಡೆಯದಿದ್ದರೆ ಆ ವ್ಯವಸ್ಥೆಯನ್ನು ಮೊದಲ ಹಂತದ ಕೆಲಸಕ್ಕೇ ಮರಳಿಸಬೇಕು.